‘ಜಾಂಬಿ’ ಒಂದನ್ನೇ ಕೇಳಿ ನಿಲ್ಲಿಸಬೇಡಿ

ಹೋದ ಸಂಚಿಕೆಯಲ್ಲಿ ಒಂದು ಸಂಜೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕಲಬುರಗಿಯ ನಮ್ಮ ಮನೆ ಮಾಳಿಗೆ ಮೇಲೆ ಒಂಬತ್ತು ಜನ ಸೇರಿದ್ದೆವು. ಚಾಪೆ ಹಾಸಿದ್ದೆವು. ಫೋನುಗಳನ್ನೆಲ್ಲ ಒಂದು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ್ದೆವು. ಆಮೇಲೆ ದಿ ಕ್ರ್ಯಾನ್‌ಬೆರೀಸ್ ತಂಡದ ‘ನೋ ನೀಡ್ ಟು ಆರ್ಗ್ಯೂ’ ಆಲ್ಬಂ ಅನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ನಡುವೆ ಒಂದು ಮಾತೂ ಆಡದೆ ಕೇಳಿದೆವು. ಐರ್ಲೆಂಡಿನ ಲಿಮರಿಕ್ ಊರಿನ ನಾಲ್ವರ ರಾಕ್ ತಂಡ ಅದು. ಆಲ್ಬಂ ಬಂದದ್ದು 1994ರ ಅಕ್ಟೋಬರ್ 3ಕ್ಕೆ. 13 ಹಾಡು, ಸುಮಾರು 50 ನಿಮಿಷ.

ನಾನು ಅದನ್ನು ಮೊದಲು ಕೇಳಿದ್ದು 1995ರಲ್ಲಿ, ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ. ಆಗ ನನಗೆ 18. ಅಣ್ಣ ಹೈದರಾಬಾದಿನ ಆಬಿಡ್ಸ್‌ನಿಂದ ಕ್ಯಾಸೆಟ್ ತಂದಿದ್ದ. ನನ್ನಂಥವರು ಈ ಕಡೆ ಬಹಳ ಜನ ಇದ್ದಾರೆ ಅಂತ ಈಗ ಗೊತ್ತಾಯಿತು. ಸೇಡಂ, ಸುರಪುರ, ಬೀದರ್, ಶಹಾಬಾದ್, ಎಲ್ಲ ಕಡೆಯಿಂದ ಪತ್ರ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಒಂದೇ ಆಲ್ಬಂಗೆ.

ಪ್ರಶ್ನೆ: ರೀಲ್ಸ್‌ನಲ್ಲಿ ‘ಜಾಂಬಿ’ ಹಾಡು ಆಗಾಗ ಬರುತ್ತದೆ. ಸತ್ತವರು ಎದ್ದು ಬರುವ ಯಾವುದೋ ಸಿನಿಮಾದ ಹಾಡು ಅಂದುಕೊಂಡಿದ್ದೆ. ಗೆಳೆಯ ಅಲ್ಲ ಅನ್ನುತ್ತಾನೆ. ಹಾಗಾದರೆ ಏನದು? (ಕಾಲೇಜು ವಿದ್ಯಾರ್ಥಿ, ಸೇಡಂ)

ಉತ್ತರ: ನಿಮ್ಮ ಗೆಳೆಯ ಹೇಳಿದ್ದೇ ಸರಿ. ಸಿನಿಮಾಕ್ಕೂ ಅದಕ್ಕೂ ಸಂಬಂಧವಿಲ್ಲ.

1993ರ ಮಾರ್ಚ್ 20, ಶನಿವಾರ. ಇಂಗ್ಲೆಂಡಿನ ವಾರಿಂಗ್‌ಟನ್ ಎಂಬ ಊರಿನ ಪೇಟೆ ಬೀದಿ. ಮರುದಿನ ಅಲ್ಲಿ ಅಮ್ಮಂದಿರ ದಿನ. ಸಂತೆಗೆ ಬಂದಂತೆ ಜನ ತುಂಬಿದ್ದರು. ಉತ್ತರ ಐರ್ಲೆಂಡಿನಿಂದ ಬ್ರಿಟಿಷ್ ಆಳ್ವಿಕೆ ಹೋಗಬೇಕೆಂದು ಬಂದೂಕು ಹಿಡಿದಿದ್ದ ಐ.ಆರ್.ಎ. (ಐರಿಷ್ ರಿಪಬ್ಲಿಕನ್ ಆರ್ಮಿ) ಬಂಡುಕೋರರು ಕಸದ ಡಬ್ಬಿಗಳಲ್ಲಿ ಇಟ್ಟಿದ್ದ ಎರಡು ಬಾಂಬ್ ಸಿಡಿದವು. ಮೂರು ವರ್ಷದ ಒಂದು ಮಗು ಅಲ್ಲೇ ಸತ್ತಿತು. 12 ವರ್ಷದ ಒಬ್ಬ ಹುಡುಗ ಐದು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ.

ಕ್ರ್ಯಾನ್‌ಬೆರೀಸ್ ತಂಡದ ಹಾಡುಗಾರ್ತಿ ಡೊಲೊರೆಸ್ ಒ’ರಿಯರ್ಡನ್‌ಗೆ ಆಗ 21 ವರ್ಷ. ಐರ್ಲೆಂಡಿನ ಹೆಸರಿನಲ್ಲಿ ಕೂಸುಗಳು ಸತ್ತಿವೆ. ತಾನೂ ಐರಿಷ್ ಹುಡುಗಿ. ಆ ಸಂಕಟದಲ್ಲಿ ಬರೆದ ಹಾಡು ಅದು. ಆಲ್ಬಂನ ಅರ್ಧದಷ್ಟು ಹಾಡುಗಳನ್ನು ಅವರು ಗಿಟಾರ್ ನುಡಿಸುವ ನೋಯಲ್ ಹೋಗನ್ ಜೊತೆ ಕೂಡಿ ಕಟ್ಟಿದ್ದಾರೆ. ‘ಜಾಂಬಿ’ ಪೂರ್ತಿ ಅವರೊಬ್ಬರದೇ. ಹಾಡಿನೊಳಗೆ 1916ರ ಮಾತು ಬರುತ್ತದೆ. ಆ ವರ್ಷದ ಈಸ್ಟರ್ ಹಬ್ಬದ ವಾರದಲ್ಲಿ ಡಬ್ಲಿನ್‌ನಲ್ಲಿ ಬ್ರಿಟಿಷರ ವಿರುದ್ಧ ದಂಗೆ ಆಗಿತ್ತು. ಅಜ್ಜನ ಕಾಲದ ಸಿಟ್ಟು ಮೊಮ್ಮಗನ ತಲೆಯಲ್ಲಿ ಇನ್ನೂ ಓಡಾಡುತ್ತಿದೆ, ಅವನು ಸ್ವಂತ ಯೋಚನೆ ಮಾಡುವುದನ್ನೇ ಬಿಟ್ಟಿದ್ದಾನೆ. ಆ ಮನುಷ್ಯನೇ ಜಾಂಬಿ. ನಾನು ಹಾಡನ್ನು ತಿಳಿದುಕೊಂಡಿರುವುದು ಹಾಗೆ.

ವಿಡಿಯೋ ಮಾಡಿದವರು ಸ್ಯಾಮ್ಯುಯೆಲ್ ಬೇಯರ್. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಬೀದಿಗಳಲ್ಲಿ ಓಡಾಡುವ ಬ್ರಿಟಿಷ್ ಸೈನಿಕರು, ಅಲ್ಲೇ ಆಟವಾಡುವ ಹುಡುಗರು. ಇನ್ನೊಂದು ಕಡೆ ಮೈಗೆಲ್ಲ ಬಂಗಾರದ ಬಣ್ಣ ಹಚ್ಚಿಕೊಂಡು ಶಿಲುಬೆಯ ಮುಂದೆ ನಿಂತ ಡೊಲೊರೆಸ್. ಪಕ್ಕದ ಕ್ವಾರ್ಟರ್ಸ್‌ನವರ ಮನೆಗೆ ಕೇಬಲ್ ಬಂದಿತ್ತು. ಅಲ್ಲಿ ಚಾನೆಲ್ ವಿ ಹಾಕಿದಾಗ ಮೊದಲ ಸಲ ನೋಡಿದೆ. ಒಂದು ಸಾಲೂ ಅರ್ಥವಾಗಿರಲಿಲ್ಲ. ಆದರೆ ಮನೆಗೆ ಬಂದು ಊಟ ಮಾಡಲಿಲ್ಲ.

ಒಂದು ವಿಷಯ ನನಗೆ ಹೊಳೆದದ್ದು ಮಾತ್ರ ಮೊನ್ನೆ, ಮಾಳಿಗೆ ಮೇಲೆ. ಹಾಡು ಕೇಳಿ ಮುಗಿದ ಮೇಲೆ ಒಬ್ಬರು ಆ ತಾರೀಖು ಹೇಳಿದರು. 1993ರ ಮಾರ್ಚ್ 20. ನಾವೆಲ್ಲ ಸುಮ್ಮನಾದೆವು. ಅದಕ್ಕೆ ಎಂಟೇ ದಿನ ಮೊದಲು, ಮಾರ್ಚ್ 12ಕ್ಕೆ, ಬೊಂಬಾಯಿಯಲ್ಲಿ ಸರಣಿ ಬಾಂಬ್ ಸ್ಫೋಟ ಆಗಿತ್ತು. 250ಕ್ಕೂ ಜಾಸ್ತಿ ಜನ ಸತ್ತಿದ್ದರು. ಕಲಬುರಗಿ, ಯಾದಗಿರಿ ಕಡೆಯ ಎಷ್ಟೋ ಮಂದಿ ಅಲ್ಲಿ ದುಡಿಯುತ್ತಿದ್ದರು, ಈಗಲೂ ದುಡಿಯುತ್ತಾರೆ. ಆ ವಾರ ಬೊಂಬಾಯಿ ಗಾಡಿಗಳು ವಾಡಿಗೆ ಬಂದಾಗ ಪ್ಲಾಟ್‌ಫಾರ್ಮಿನ ಮೇಲೆ ಹೆಂಗಸರು ಪ್ರತಿ ಡಬ್ಬಿಯ ಕಿಟಕಿಯಲ್ಲೂ ಇಣುಕಿ ನೋಡುತ್ತಿದ್ದರು ಅಂತ ಅಪ್ಪ ಹೇಳಿದ್ದು ನೆನಪಿದೆ. ‘ಜಾಂಬಿ’ಯ ಮೊದಲ ಚರಣದಲ್ಲೇ ಒಂದು ಕೂಸನ್ನು ಕಳೆದುಕೊಂಡ ಮನೆ ಇದೆ. ಆಮೇಲೆ ಎದೆ ಒಡೆದ ತಾಯಿ ಬರುತ್ತಾಳೆ. ಅಷ್ಟು ವರ್ಷ ಗಿಟಾರಿನ ಸದ್ದಿನಲ್ಲಿ ಆ ತಾಯಿ ನನಗೆ ಕೇಳಿಸಿರಲೇ ಇಲ್ಲ.

ಪ್ರಶ್ನೆ: ನಾನು ಹಿಂದೂಸ್ತಾನಿ ಕಲಿಯುತ್ತಿದ್ದೇನೆ. ಡೊಲೊರೆಸ್ ಹಾಡುವಾಗ ದನಿ ನಡುವೆ ಮುರಿದಂತೆ ಕೇಳುತ್ತದೆ. ಅದು ಬೇಸುರ ಅಂತ ನಮ್ಮ ಕ್ಲಾಸಿನಲ್ಲಿ ಹೇಳಿದರು. ನನಗೆ ಮಾತ್ರ ಅದೇ ಇಷ್ಟ. ನನ್ನ ಕಿವಿ ತಪ್ಪಾ? (ವಿದ್ಯಾರ್ಥಿನಿ, ಯಾದಗಿರಿ)

ಉತ್ತರ: ನಿಮ್ಮ ಕಿವಿ ಚೆನ್ನಾಗಿದೆ. ಅದು ಬೇಸುರ ಅಲ್ಲ.

ನಮ್ಮ ಗಂಟಲಿನಲ್ಲಿ ಎರಡು ಸಣ್ಣ ಮಡಿಕೆಗಳಿವೆ. ಅವು ನಡುಗಿದಾಗ ದನಿ ಹುಟ್ಟುತ್ತದೆ. ಕೆಳಗಿನ ಸ್ವರಗಳಿಗೆ ಆ ಮಡಿಕೆಗಳು ದಪ್ಪಗೆ, ಪೂರ್ತಿ ಸೇರಿ ನಡುಗುತ್ತವೆ. ಅದು ಎದೆಯ ದನಿ. ಮೇಲಿನ ಸ್ವರಗಳಿಗೆ ಎಳೆದು ತೆಳುವಾಗಿ, ಅಂಚು ಮಾತ್ರ ನಡುಗುತ್ತದೆ. ಅದು ತಲೆಯ ದನಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಒಂದು ಹೊಸ್ತಿಲು ಸಿಗುತ್ತದೆ. ಸಾಮಾನ್ಯವಾಗಿ ಹಾಡುಗಾರರು ಆ ಹೊಸ್ತಿಲು ಕೇಳಿಸದಂತೆ ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾರೆ. ಡೊಲೊರೆಸ್ ಬೇಕಂತಲೇ ಅದನ್ನು ಕೇಳಿಸುತ್ತಾರೆ. ದನಿ ಜಾರುವುದಿಲ್ಲ, ಹಾರುತ್ತದೆ. ಹಾರಿದ ಜಾಗದಲ್ಲೂ ಇಳಿದ ಜಾಗದಲ್ಲೂ ಸ್ವರ ಸರಿಯಾಗಿರುತ್ತದೆ. ತಂಬೂರಿ ಹಾಕಿಕೊಂಡು ಒಮ್ಮೆ ನೀವೇ ಪರೀಕ್ಷೆ ಮಾಡಿ.

ಇದಕ್ಕೆ ಯೋಡ್ಲಿಂಗ್ ಅನ್ನುತ್ತಾರೆ. ಆಲ್ಪ್ಸ್ ಬೆಟ್ಟಗಳಲ್ಲಿ ದನ ಕಾಯುವವರು ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಕೂಗಿ ಕರೆಯುತ್ತಿದ್ದ ರೀತಿ ಅದು. ನಮ್ಮಲ್ಲಿ ಕಿಶೋರ್ ಕುಮಾರ್ ಹಾಡಿದ್ದನ್ನು ಎಲ್ಲರೂ ಕೇಳಿದ್ದೇವೆ, ಅಲ್ವಾ? ಅವರು ಮಾಡಿದ್ದೂ ಇದೇ. ವ್ಯತ್ಯಾಸ ಇಷ್ಟೇ. ಕಿಶೋರ್ ದನಿ ಹಾರಿದಾಗ ಖುಷಿ ಉಕ್ಕುತ್ತದೆ. ಡೊಲೊರೆಸ್ ದನಿ ಹಾರಿದಾಗ ಅಳು ಹತ್ತಿರ ಬರುತ್ತದೆ. ಅವರು ಅದನ್ನು ಕಲಿತದ್ದು ತಂದೆಯಿಂದ. ತಂದೆ ಮನೆಯಲ್ಲಿ ಹಾಗೆ ಹಾಡುತ್ತಿದ್ದರಂತೆ. ಮಗಳು ಕೇಳಿ ಕೇಳಿ ಕಲಿತಳು.

ಐರ್ಲೆಂಡಿನಲ್ಲಿ ಇನ್ನೊಂದು ಹಳೆಯ ರೂಢಿಯೂ ಇತ್ತು. ಸಾವಿನ ಮನೆಯಲ್ಲಿ ಹೆಂಗಸರು ಕೂತು ಸತ್ತವರ ಗುಣ ಹೇಳಿಕೊಂಡು ರಾಗವಾಗಿ ಅಳುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಮೊಹರಂ ಬಂದಾಗ ನಮ್ಮ ಕಡೆ ರಿವಾಯತ್ ಪದ ಹಾಡುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ಕರ್ಬಲಾದಲ್ಲಿ ಮಡಿದವರ ದುಃಖ, ಕನ್ನಡದಲ್ಲಿ. ಹಿಂದೂಗಳೂ ಮುಸ್ಲಿಮರೂ ಕೂಡಿ ಹಾಡುತ್ತಾರೆ. ಸಾಲಿನ ಕೊನೆಗೆ ಮುಖ್ಯ ಹಾಡುಗಾರನ ದನಿ ಮೇಲಕ್ಕೆ ಹೋಗಿ ಥಟ್ಟನೆ ಒಡೆಯುತ್ತದೆ. ಅಲ್ಲಿ ಯಾರೂ ಬೇಸುರ ಅನ್ನುವುದಿಲ್ಲ.

ಒಂದು ಮಾತು. ಕೇಳಿ ಆಸೆಪಟ್ಟು ನೀವೂ ಜೋರಾಗಿ ಒಡೆಯಲು ಹೋಗಬೇಡಿ, ಅದರಲ್ಲೂ ಬೇಸಿಗೆಯ ಒಣ ಗಂಟಲಿನಲ್ಲಿ. ಮೆಲ್ಲಗೆ, ಸಣ್ಣ ದನಿಯಲ್ಲಿ ಶುರು ಮಾಡಿ. ನೋವಾದರೆ ನಿಲ್ಲಿಸಿ. ನಿಮ್ಮ ಗುರುಗಳ ಜೊತೆ ಜಗಳವೂ ಬೇಡ. ಅವರು ಕಲಿಸುವ ದಾರಿಯಲ್ಲಿ ಆ ಹೊಸ್ತಿಲನ್ನು ಮುಚ್ಚಲೇಬೇಕು. ಅದು ಬೇರೆ ಮನೆ, ಇದು ಬೇರೆ ಮನೆ.

ಪ್ರಶ್ನೆ: ‘ಜಾಂಬಿ’ ನನಗೆ ತುಂಬಾ ಗದ್ದಲ ಅನ್ನಿಸಿತು. ವಯಸ್ಸು 67. ಇದೇ ಆಲ್ಬಂನಲ್ಲಿ ನನ್ನಂಥವರು ಕೇಳುವ ಒಂದು ಹಾಡು ಹೇಳಿ. (ನಿವೃತ್ತ ಬ್ಯಾಂಕ್ ಉದ್ಯೋಗಿ, ಬೀದರ್)

ಉತ್ತರ: ಮೊದಲನೇ ಹಾಡು ಕೇಳಿ ಸರ್. ‘ಓಡ್ ಟು ಮೈ ಫ್ಯಾಮಿಲಿ’. ಮನೆಯವರಿಗಾಗಿ ಒಂದು ಹಾಡು ಅಂತ ಅರ್ಥ.

ಡೊಲೊರೆಸ್ ಹುಟ್ಟಿದ್ದು ಲಿಮರಿಕ್ ಹತ್ತಿರದ ಬ್ಯಾಲಿಬ್ರಿಕನ್ ಎಂಬ ಹಳ್ಳಿಯಲ್ಲಿ, 1971ರ ಸೆಪ್ಟೆಂಬರ್ 6ಕ್ಕೆ. ದೊಡ್ಡ ಸಂಸಾರದ ಕೊನೆಯ ಮಗಳು. ತಂದೆ ಹೊಲದಲ್ಲಿ ಕೂಲಿ ಮಾಡುತ್ತಿದ್ದವರು. ಒಂದು ಅಪಘಾತವಾದ ಮೇಲೆ ದುಡಿಯುವುದು ಆಗಲಿಲ್ಲ. ತಾಯಿ ಶಾಲೆಯ ಅಡುಗೆ ಕೆಲಸ ಮಾಡಿ ಮನೆ ನಡೆಸಿದರು. ಇಂಥ ಮನೆಯ ಹುಡುಗಿಗೆ 22ನೇ ವಯಸ್ಸಿಗೆ ಲೋಕವೆಲ್ಲ ಹೆಸರು ಬಂತು. ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲ್. ಆಗ ಅಪ್ಪ, ಅಮ್ಮ, ಚಿಕ್ಕಂದಿನ ಸಾದಾ ದಿನಗಳು ನೆನಪಾಗಿ ಹಾಡಿದ ಹಾಡು ಇದು. ಶುರುವಿಗೆ ಮಾತಿಲ್ಲ, ಬರೀ ಗುನುಗು. ಮಗು ಮಲಗಿಸುವಾಗ ಗುನುಗುತ್ತೇವಲ್ಲ, ಹಾಗೆ.

ನನ್ನ ಅಪ್ಪನಿಗೆ ಇಂಗ್ಲಿಷ್ ಅಂದರೆ ರೈಲ್ವೆಯ ಇಂಗ್ಲಿಷ್ ಮಾತ್ರ. ಸಿಗ್ನಲ್, ಲೈನ್ ಕ್ಲಿಯರ್, ಡೌನ್ ಗೂಡ್ಸ್. ರಾತ್ರಿ ಡ್ಯೂಟಿ ಮುಗಿಸಿ ಬಂದು ಹಗಲು ಮಲಗುತ್ತಿದ್ದರು. ಹಾಗಾಗಿ ನಾನು ಅಡುಗೆ ಮನೆಯಲ್ಲಿ ಕೂತು ಕಿವಿಗೆ ಮಾತ್ರ ಕೇಳುವಷ್ಟು ಸಣ್ಣಗೆ ಹಾಕುತ್ತಿದ್ದೆ. ಒಂದು ಮಧ್ಯಾಹ್ನ ಅಪ್ಪ ನೀರು ಕುಡಿಯಲು ಎದ್ದು ಬಂದರು. ತಂಬಿಗೆ ಹಿಡಿದುಕೊಂಡು ಹಾಡು ಮುಗಿಯುವ ತನಕ ನಿಂತರು. ಆಮೇಲೆ ಕೇಳಿದರು, “ಈ ಹುಡುಗಿ ತವರು ನೆನೆಸಿಕೊಂಡು ಹಾಡ್ಲಾಕತ್ತಾಳೇನು?”

ನಾನು ಹೌದು ಅಂದೆ. ನಿಜ ಹೇಳಬೇಕೆಂದರೆ ಆಗ ನನಗೇ ಅದು ಗೊತ್ತಿರಲಿಲ್ಲ. ಮರುದಿನ ನಿಘಂಟು ಇಟ್ಟುಕೊಂಡು ಕೂತೆ. ಅಪ್ಪ ಹೇಳಿದ್ದು ಸರಿಯಾಗಿತ್ತು.

ಅಪ್ಪ 2009ರಲ್ಲಿ ತೀರಿಕೊಂಡರು. ಆಮೇಲೆ ಬಹಳ ವರ್ಷ ಆ ಹಾಡು ಹಾಕಲಿಲ್ಲ. ಮೊನ್ನೆ ಮಾಳಿಗೆ ಮೇಲೆ ಮತ್ತೆ ಕೇಳಿದೆ.

ನೀವು ಇದನ್ನು ಮೊದಲು ಕೇಳಿದರೆ ಇನ್ನೊಂದು ಲಾಭವಿದೆ. ಇದರ ನಂತರ ಎರಡು ಹಾಡು ಬಿಟ್ಟು ನಾಲ್ಕನೆಯದಾಗಿ ‘ಜಾಂಬಿ’ ಬರುತ್ತದೆ. ಅಪ್ಪ ಅಮ್ಮನ ಮಡಿಲಿನ ಹಾಡು ಕೇಳಿ ಸ್ವಲ್ಪ ಹೊತ್ತಿಗೆ, ಮಡಿಲು ಖಾಲಿಯಾದ ತಾಯಿಯ ಹಾಡು. ಆಗ ಆ ಗದ್ದಲ ಗದ್ದಲದಂತೆ ಕೇಳುವುದಿಲ್ಲ. ಅದಕ್ಕೇ ನಾನು ಎಲ್ಲರಿಗೂ ಹೇಳುತ್ತಿರುವುದು, ‘ಜಾಂಬಿ’ಯನ್ನು ಬಿಡಿಯಾಗಿ ಕೇಳಬೇಡಿ. ಅದನ್ನು ಅದರ ಮನೆಯೊಳಗೆ ಇಟ್ಟು ಕೇಳಿ. ಒಮ್ಮೆ ಪ್ರಯತ್ನ ಮಾಡಿ, ಮತ್ತೆ ಪತ್ರ ಬರೆಯಿರಿ ಸರ್.

ಪ್ರಶ್ನೆ: ಈ ಆಲ್ಬಂನಿಂದ ಹಿಟ್ ಆದ ಹಾಡುಗಳು ಯಾವುವು? ಯಾವ ಕ್ರಮದಲ್ಲಿ ಬಂದವು? (ಸುರಪುರ)

ಉತ್ತರ: ಸಿಂಗಲ್ ಅಂತ ಬಿಡಿಯಾಗಿ ಹೊರಗೆ ಬಂದವು ನಾಲ್ಕು. ಆಲ್ಬಂಗಿಂತ ಸ್ವಲ್ಪ ಮೊದಲೇ, 1994ರ ಸೆಪ್ಟೆಂಬರ್‌ನಲ್ಲಿ ‘ಜಾಂಬಿ’. ಅದೇ ವರ್ಷ ನವೆಂಬರ್‌ನಲ್ಲಿ ‘ಓಡ್ ಟು ಮೈ ಫ್ಯಾಮಿಲಿ’. 1995ರ ಶುರುವಿನಲ್ಲಿ ‘ಐ ಕಾಂಟ್ ಬಿ ವಿತ್ ಯು’. ಅದೇ ವರ್ಷದ ನಡುವೆ ‘ರಿಡಿಕ್ಯುಲಸ್ ಥಾಟ್ಸ್’.

‘ಜಾಂಬಿ’ ಜರ್ಮನಿ, ಫ್ರಾನ್ಸ್, ಆಸ್ಟ್ರೇಲಿಯಾದಲ್ಲಿ ಮೊದಲನೇ ಸ್ಥಾನಕ್ಕೆ ಹೋಯಿತು. ಬ್ರಿಟನ್ನಿನಲ್ಲಿ 14ರಲ್ಲೇ ನಿಂತಿತು. ಬಾಂಬ್ ಸಿಡಿದ ನೆಲ ಅದೇ ತಾನೆ. ಆ ಸಂಖ್ಯೆ ನೋಡಿದಾಗಲೆಲ್ಲ ನಾನು ಯೋಚನೆಗೆ ಬೀಳುತ್ತೇನೆ. 1995ರಲ್ಲಿ ಎಂ.ಟಿ.ವಿ. ಯುರೋಪ್ ಪ್ರಶಸ್ತಿಗಳಲ್ಲಿ ವರ್ಷದ ಒಳ್ಳೆಯ ಹಾಡು ಅಂತ ಅದನ್ನೇ ಆರಿಸಿದರು. 2020ರಲ್ಲಿ ಯೂಟ್ಯೂಬಿನಲ್ಲಿ ಅದರ ವಿಡಿಯೋ 100 ಕೋಟಿ ಸಲ ನೋಡಿದ ಲೆಕ್ಕ ದಾಟಿತು. 2023ರ ರಗ್ಬಿ ವಿಶ್ವಕಪ್‌ನಲ್ಲಿ ಐರ್ಲೆಂಡ್ ಪಂದ್ಯ ಗೆದ್ದಾಗ ಕ್ರೀಡಾಂಗಣ ತುಂಬ ಜನ ಇದೇ ಹಾಡು ಹಾಡಿದರು. ಅಳುವಿನ ಹಾಡನ್ನು ಗೆಲುವಿಗೆ ಹಾಡಬಹುದಾ ಅಂತ ಆಗ ಐರ್ಲೆಂಡಿನಲ್ಲೇ ಚರ್ಚೆ ನಡೆಯಿತು. ನನಗೆ ಅದು ತಪ್ಪು ಅನ್ನಿಸಲಿಲ್ಲ. ಡೊಲೊರೆಸ್ ತೀರಿಕೊಂಡ ಮೇಲೂ ಅವರ ಊರಿನವರು ಅವರನ್ನು ಹಾಡುತ್ತಿದ್ದಾರಲ್ಲ ಅನ್ನಿಸಿತು.

ಉಳಿದ ಹಿಟ್‌ಗಳ ಪೈಕಿ ‘ರಿಡಿಕ್ಯುಲಸ್ ಥಾಟ್ಸ್’ ಅನ್ನು ದಯವಿಟ್ಟು ಬಿಡಬೇಡಿ. ಮೆಲ್ಲಗೆ ಶುರುವಾಗಿ ಕೊನೆಗೆ ಕುದುರೆ ಓಟ. ಅದರ ವಿಡಿಯೋದಲ್ಲಿ ಕಾಣುವ ಹುಡುಗ ಎಲೈಜಾ ವುಡ್. ಮುಂದೆ ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾಗಳಿಂದ ಲೋಕಕ್ಕೆಲ್ಲ ಗೊತ್ತಾದ ನಟ.

ಪ್ರಶ್ನೆ: ನಾನು ಮತ್ತು ನನ್ನ ಗಂಡ ಈ ವಿಷಯಕ್ಕೆ 20 ವರ್ಷದಿಂದ ವಾದ ಮಾಡುತ್ತಿದ್ದೇವೆ. ಅವರಿಗೆ ತಂಡದ ಮೊದಲ ಆಲ್ಬಂ ದೊಡ್ಡದು, ನನಗೆ ಈ ಎರಡನೆಯದು. ತೀರ್ಪು ಕೊಡಿ. (ಜೇವರ್ಗಿ)

ಉತ್ತರ: ನಿಮ್ಮವರ ಪಕ್ಷವೂ ಗಟ್ಟಿ ಇದೆ. 1993ರ ಆ ಮೊದಲ ಆಲ್ಬಂನಲ್ಲಿ ‘ಲಿಂಗರ್’ ಇದೆ, ‘ಡ್ರೀಮ್ಸ್’ ಇದೆ. ‘ಲಿಂಗರ್’ ಹುಟ್ಟಿದ ಕತೆ ಗೊತ್ತಲ್ಲ? 1990ರಲ್ಲಿ ಡೊಲೊರೆಸ್ ತಂಡಕ್ಕೆ ಸೇರಲು ಬಂದು ಹಾಡಿ ತೋರಿಸಿದರು. ಹೋಗುವಾಗ ನೋಯಲ್ ಹೋಗನ್ ಬರೀ ಗಿಟಾರ್ ನುಡಿಸಿದ್ದ ಒಂದು ಟೇಪ್ ಕೊಟ್ಟು ಕಳಿಸಿದರು. ಡೊಲೊರೆಸ್ ಅದಕ್ಕೆ ಮಾತು, ರಾಗ ಹಾಕಿಕೊಂಡು ಬಂದರು. ಅದೇ ‘ಲಿಂಗರ್’. ಅಷ್ಟು ಸುಲಭವಾಗಿ ಅಷ್ಟು ಒಳ್ಳೆಯ ಹಾಡು ಮತ್ತೆ ಹುಟ್ಟಲಿಲ್ಲ.

ಆದರೂ ನನ್ನ ಓಟು ನಿಮಗೇ. ಮೊದಲನೆಯದರಲ್ಲಿ ಒಬ್ಬ ಹುಡುಗಿಯ ಪ್ರೀತಿ, ಒಬ್ಬ ಹುಡುಗಿಯ ಕನಸು. ಎರಡನೆಯದರಲ್ಲಿ ಅವಳು ತಲೆ ಎತ್ತಿ ಸುತ್ತಲ ಲೋಕ ನೋಡಿದ್ದಾಳೆ. ಇಬ್ಬರಿಗೂ ಒಂದು ವಿಷಯ ಹೇಳುತ್ತೇನೆ. ಎರಡೂ ಆಲ್ಬಂಗಳ ಹೊದಿಕೆ ಪಕ್ಕದಲ್ಲಿಟ್ಟು ನೋಡಿ. ನಾಲ್ವರೂ ಕೂತ ಸೋಫಾ ಒಂದೇ.

ಪ್ರಶ್ನೆ: ಎಲ್ಲ ಹೊಗಳುತ್ತೀರಿ. ಇದರಲ್ಲಿ ಇಷ್ಟವಾಗದ್ದು ಏನೂ ಇಲ್ಲವಾ? (ಆಳಂದ)

ಉತ್ತರ: ಇದೆ. ‘ದಿ ಐಸಿಕಲ್ ಮೆಲ್ಟ್ಸ್’. ಅದೂ 1993ರಲ್ಲಿ ಇಂಗ್ಲೆಂಡಿನಲ್ಲಿ ಕೊಲೆಯಾದ ಒಂದು ಪುಟ್ಟ ಮಗುವಿನ ಬಗ್ಗೆ. ದುಃಖ ನಿಜವಾದದ್ದೇ. ಆದರೆ ಹಾಡು ಅದನ್ನು ಹೊರುವುದಿಲ್ಲ, ಪತ್ರಿಕೆ ಓದಿ ತಕ್ಷಣ ಬರೆದಂತೆ ಕೇಳುತ್ತದೆ. ‘ಯೇಟ್ಸ್ ಗ್ರೇವ್’ ಕೂಡ ನನಗೆ ಅರ್ಧಂಬರ್ಧ. ಕವಿ ಯೇಟ್ಸ್ ಸಮಾಧಿಯ ಮುಂದೆ ನಿಂತು ಅವರದೇ ಕವಿತೆಯ ಸಾಲುಗಳನ್ನು ನಡುವೆ ಓದುತ್ತಾರೆ. ಓದುವ ಭಾಗ ಬಂದಾಗ ಹಾಡು ಕೂತುಬಿಡುತ್ತದೆ.

ಇವೆರಡಕ್ಕೂ ಬದಲಾಗಿ ಹನ್ನೆರಡನೇ ಹಾಡಿಗೆ ಕಾಯಿರಿ. ‘ಡ್ಯಾಫೊಡಿಲ್ ಲಮೆಂಟ್’. ಆರು ನಿಮಿಷಕ್ಕೂ ಜಾಸ್ತಿ. ಸಿಂಗಲ್ ಆಗಿ ಬರಲೇ ಇಲ್ಲ. ನಡುವೆ ಒಂದು ಕಡೆ ಹಾಡು ನಿಂತು, ಉಸಿರು ತೆಗೆದುಕೊಂಡು, ಬೇರೆಯೇ ಹಾಡಾಗಿ ಏಳುತ್ತದೆ. ಮಾಳಿಗೆ ಮೇಲೆ ಆ ಜಾಗದಲ್ಲಿ ನಮ್ಮಲ್ಲಿ ಮೂವರು ಅತ್ತರು. ನಾನೂ ಒಬ್ಬಳು.

ಪ್ರಶ್ನೆ: ‘ಜಾಂಬಿ’ ಗಿಟಾರಿನಲ್ಲಿ ಕಲಿಯಬಹುದಾ? ಹೊಸದಾಗಿ ಕಲಿಯುತ್ತಿದ್ದೇನೆ. (ಕಲಬುರಗಿ)

ಉತ್ತರ: ಧಾರಾಳವಾಗಿ. ಸರಳವಾಗಿ ನುಡಿಸುವವರು ಇ ಮೈನರ್, ಸಿ, ಜಿ, ಡಿ ಈ ನಾಲ್ಕೇ ಕಾರ್ಡ್ (ಸ್ವರಗುಚ್ಛ) ಹಿಡಿಯುತ್ತಾರೆ. ಹಾಡಿನ ಉದ್ದಕ್ಕೂ ಅವೇ ಸುತ್ತುತ್ತವೆ. ಕಷ್ಟ ಇರುವುದು ಬೆರಳಲ್ಲಿ ಅಲ್ಲ, ತಾಳ್ಮೆಯಲ್ಲಿ. ಚರಣವನ್ನು ನಿಜವಾಗಿ ಮೆಲ್ಲಗೆ ನುಡಿಸಬೇಕು. ಎಲ್ಲರೂ ಮೊದಲಿನಿಂದಲೇ ಜೋರು ಮಾಡುತ್ತಾರೆ, ಪಲ್ಲವಿಗೆ ಬರುವಷ್ಟರಲ್ಲಿ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಪ್ರಶ್ನೆ: ನಾನು ಕನ್ನಡ ಮೀಡಿಯಂ. ಈ ಹಾಡುಗಳು ತುಂಬಾ ಇಷ್ಟ, ಆದರೆ ಮಾತು ಅರ್ಥವಾಗುವುದಿಲ್ಲ. ಅರ್ಥವಾಗದ್ದನ್ನು ಕೇಳುವುದು ಸುಮ್ನೆ ಶೋಕಿ ಅಂತ ಗೆಳತಿಯರು ಅನ್ನುತ್ತಾರೆ. (ಚಿಂಚೋಳಿ)

ಉತ್ತರ: ಶೋಕಿ ಅಲ್ಲ. ಖಂಡಿತ ಅಲ್ಲ. ನೀವು ಬರೆದ ಈ ಪತ್ರಕ್ಕೆ ಉತ್ತರ ಬರೆಯಲು ನನಗೆ ಎರಡು ದಿನ ಬೇಕಾಯಿತು.

ಡೊಲೊರೆಸ್ ಹಾಡುವ ಇಂಗ್ಲಿಷ್ ಪುಸ್ತಕದ ಇಂಗ್ಲಿಷ್ ಅಲ್ಲ. ಅದು ಲಿಮರಿಕ್ ಸೀಮೆಯದು. ಸ್ವರಗಳನ್ನು ಎಳೆಯುವುದು, ಮಾತಿನ ಕೊನೆ ನುಂಗುವುದು, ಎಲ್ಲ ಅವರ ಊರಿನ ರೀತಿ. ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರಿಗೂ ಕೆಲವು ಸಾಲು ಕಿವಿಗೆ ಸಿಗುವುದಿಲ್ಲ. ಆಗಿನ ಕಾಲಕ್ಕೆ ಲೋಕದ ಎದುರು ಹಾಡುವವರು ಹೆಚ್ಚಾಗಿ ಅಮೆರಿಕದವರಂತೆ ನಾಲಿಗೆ ತಿರುಗಿಸಿಕೊಳ್ಳುತ್ತಿದ್ದರು. ಇವರು ತಿರುಗಿಸಲಿಲ್ಲ.

ನನಗೆ ಅದು ಎಷ್ಟು ದೊಡ್ಡದಾಗಿ ಕಂಡಿತು ಅಂದರೆ ಕಾರಣ ಇದೆ. ಡಿಗ್ರಿ ಓದಲು ನಾನು ದೂರದ ಊರಿಗೆ ಹೋದೆ. ಅಲ್ಲಿ ಮೊದಲ ವಾರವೇ ಹಾಸ್ಟೆಲ್ಲಿನಲ್ಲಿ “ಊಟಕ್ಕ ಹೋಗ್ಲಾಕತ್ತೀನಿ” ಅಂದೆ. ಇಡೀ ಕೋಣೆ ನಕ್ಕಿತು. ಆಮೇಲೆ ಅದನ್ನೇ ಹೇಳಿಸಿ ಹೇಳಿಸಿ ನಕ್ಕರು. ಒಂದು ತಿಂಗಳೊಳಗೆ ನನ್ನ ಮಾತು ಬದಲಾಯಿತು. ರಜೆಗೆ ವಾಡಿಗೆ ಬಂದಾಗ ಅವ್ವ “ಯಾರ ಮಾತು ಆಡ್ಲಾಕತ್ತಿ?” ಅಂದಳು. ಅವತ್ತು ರಾತ್ರಿ ಕ್ಯಾಸೆಟ್ ಹಾಕಿಕೊಂಡು ಕೂತೆ. ಲಿಮರಿಕ್ ಹುಡುಗಿ ತನ್ನ ಅವ್ವನ ಮಾತಿನಲ್ಲೇ ಹಾಡುತ್ತಿದ್ದಳು. ಅವಳ ಎದುರು ಸಾವಿರಾರು ಜನ ಕೂತಿದ್ದರು. ನನ್ನ ಎದುರು ಇದ್ದದ್ದು ಎಂಟು ಹುಡುಗಿಯರು. ತಿರುಗಿ ಹಾಸ್ಟೆಲ್ಲಿಗೆ ಹೋದ ಮೇಲೆ ನಾನು ನಮ್ಮ ಮಾತೇ ಆಡಿದೆ. ಸ್ವಲ್ಪ ದಿನ ನಕ್ಕರು, ಆಮೇಲೆ ಬಿಟ್ಟರು.

ನೀವು ಹೀಗೆ ಮಾಡಿ. ಮೊದಲ ಸಲ ಮಾತಿನ ಚಿಂತೆ ಬಿಟ್ಟು ಕೇಳಿ. ಎರಡನೇ ಸಲ ಯಾವ ಜಾಗದಲ್ಲಿ ದನಿ ಬದಲಾಗುತ್ತದೆ ಅಂತ ಗಮನಿಸಿ. ಮೂರನೇ ಸಲ ಸಾಹಿತ್ಯ ಎದುರಿಗೆ ಇಟ್ಟುಕೊಳ್ಳಿ. ಈ ಆಲ್ಬಂನ ಇಂಗ್ಲಿಷ್ ಕಷ್ಟದ್ದಲ್ಲ, ದಿನಬಳಕೆಯ ಸಣ್ಣ ಪದಗಳೇ ಜಾಸ್ತಿ. ದನಿ ಬದಲಾದ ಜಾಗದಲ್ಲಿ ಯಾವ ಪದ ಇದೆ ಅಂತ ನೋಡಿ. ಅಷ್ಟು ಸಾಕು. ಶಫಲ್ ಬಟನ್ ಮಾತ್ರ ಒತ್ತಬೇಡಿ.

ಪ್ರಶ್ನೆ: ಡೊಲೊರೆಸ್ ಹೇಗೆ ತೀರಿಕೊಂಡರು? ತಂಡ ಈಗ ಇದೆಯಾ? (ಹುಮನಾಬಾದ್)

ಉತ್ತರ: 2018ರ ಜನವರಿ 15ಕ್ಕೆ, ಲಂಡನ್ನಿನ ಹೋಟೆಲ್ ಒಂದರಲ್ಲಿ. 46 ವರ್ಷ. ಮದ್ಯದ ಅಮಲಿನಲ್ಲಿ ಸ್ನಾನದ ತೊಟ್ಟಿಯಲ್ಲಿ ಆಕಸ್ಮಿಕವಾಗಿ ಮುಳುಗಿ ಸಾವು ಅಂತ ವಿಚಾರಣೆಯಲ್ಲಿ ತೀರ್ಮಾನವಾಯಿತು. ಹುಟ್ಟಿದ ಹಳ್ಳಿ ಬ್ಯಾಲಿಬ್ರಿಕನ್‌ನ ಚರ್ಚಿನಲ್ಲೇ ಕೊನೆಯ ಪ್ರಾರ್ಥನೆ ನಡೆಯಿತು.

ಅವರು ಹೋಗುವ ಮೊದಲು ಹೊಸ ಹಾಡುಗಳಿಗೆ ಕಚ್ಚಾ ದನಿಮುದ್ರಣ ಮಾಡಿಟ್ಟಿದ್ದರು. ಮನೆಯವರ ಒಪ್ಪಿಗೆ ಪಡೆದು ಉಳಿದ ಮೂವರು, ನೋಯಲ್ ಹೋಗನ್, ಮೈಕ್ ಹೋಗನ್, ಫರ್ಗಲ್ ಲಾಲರ್, ಅದಕ್ಕೆ ವಾದ್ಯ ಸೇರಿಸಿದರು. ‘ನೋ ನೀಡ್ ಟು ಆರ್ಗ್ಯೂ’ ಮಾಡಿದ ಸ್ಟೀಫನ್ ಸ್ಟ್ರೀಟ್ ಅವರೇ ಅದರ ನಿರ್ಮಾಪಕರು. ‘ಇನ್ ದಿ ಎಂಡ್’ ಎಂಬ ಆ ಆಲ್ಬಂ 2019ರ ಏಪ್ರಿಲ್‌ನಲ್ಲಿ ಬಂತು. ಡೊಲೊರೆಸ್ ಇಲ್ಲದೆ ಮುಂದುವರಿಯುವುದಿಲ್ಲ ಅಂತ ಹೇಳಿ ಅಲ್ಲಿಗೆ ತಂಡ ನಿಲ್ಲಿಸಿದರು. ಆ ನಿರ್ಧಾರಕ್ಕೆ ನಾನು ಕೈಮುಗಿಯುತ್ತೇನೆ.

ಪ್ರಶ್ನೆ: ನನ್ನ ಅಣ್ಣನ ಹತ್ತಿರ ಈ ಕ್ಯಾಸೆಟ್ ಇತ್ತು. ಅವನು 2021ರಲ್ಲಿ ಹೋದ. ಟ್ರಂಕಿನಲ್ಲಿ ಮೊನ್ನೆ ಸಿಕ್ಕಿತು. ಒಳಗಿನ ಕಾಗದದಲ್ಲಿ ‘ಡ್ರೀಮಿಂಗ್ ಮೈ ಡ್ರೀಮ್ಸ್’ ಮುಂದೆ ಪೆನ್ನಿನಲ್ಲಿ ಗುರುತು ಹಾಕಿದ್ದಾನೆ. ಹಾಕಿ ನೋಡಿದರೆ ತಿರುಗುವುದಿಲ್ಲ. ಸರಿಮಾಡಬಹುದಾ? (ಶಹಾಬಾದ್)

ಉತ್ತರ: ಬಹಳ ಮಟ್ಟಿಗೆ ಮಾಡಬಹುದು ತಂಗಿ. ಇನ್ನು ಮೇಲೆ ಅದನ್ನು ಯಾವ ಟೇಪಿನಲ್ಲೂ ಹಾಕಬೇಡಿ.

ಮೊದಲು ಬೆಳಕಿಗೆ ಹಿಡಿದು ನೋಡಿ. ರೀಲಿನ ಸುರುಳಿ ಮೇಲೆ ಬಿಳಿ ಪುಡಿಯಂಥದ್ದು ಕಂಡರೆ ಬೂಸ್ಟು. ಅದಿದ್ದರೆ ಏನೂ ಮಾಡದೆ ಹಾಗೇ ಇಡಿ. ಇಲ್ಲದಿದ್ದರೆ ಪೆನ್ಸಿಲ್ ಹಾಕಿ ಮೆಲ್ಲಗೆ ಹತ್ತಿಪ್ಪತ್ತು ಸುತ್ತು ತಿರುಗಿಸಿ. ವರ್ಷಗಟ್ಟಲೆ ಸುಮ್ನೆ ಬಿದ್ದ ರೀಲಿನ ಪದರಗಳು ಒಂದಕ್ಕೊಂದು ಅಂಟಿರುತ್ತವೆ. ಅವು ಬಿಡಬೇಕು. ಬಾಯಿಯ ಹತ್ತಿರ, ರೀಲಿನ ಹಿಂದೆ, ಒಂದು ಚಿಕ್ಕ ಸ್ಪಂಜಿನ ತುಂಡು ಇರುತ್ತದೆ. ನಮ್ಮ ಕಡೆಯ ಬಿಸಿಲಿಗೆ ಅದರ ಅಂಟು ಬಿಟ್ಟು ಬಿದ್ದಿರುತ್ತದೆ. ಬೇರೆ ಬೇಡವಾದ ಕ್ಯಾಸೆಟ್‌ನಿಂದ ತೆಗೆದು ಹಾಕಬಹುದು. ಡಬ್ಬಿಗೆ ತಿರುಪು ಇದ್ದರೆ ರೀಲನ್ನೇ ಹೊಸ ಡಬ್ಬಿಗೆ ಬದಲಾಯಿಸಬಹುದು. ಹರಿದಿದ್ದರೆ ಸೆಲ್ಲೋಟೇಪ್ ಹಚ್ಚಬೇಡಿ. ನನ್ನ ಕ್ಯಾಸೆಟ್ 1996ರಲ್ಲಿ ‘ಎಂಪ್ಟಿ’ ಹಾಡಿನ ನಡುವೆ ಹರಿದಾಗ ನಾನು ಅದನ್ನೇ ಹಚ್ಚಿದೆ. ಅಂಟು ಕರಗಿ ಪಕ್ಕದ ಸುತ್ತುಗಳಿಗೂ ಹತ್ತಿತು. ನಾಲ್ಕೈದು ಸೆಕೆಂಡಿನ ಹಾಡು ಹೋಯಿತು. ಈಗ ಫೋನಿನಲ್ಲಿ ಆ ಹಾಡು ಕೇಳಿದರೂ ಆ ಜಾಗದಲ್ಲಿ ನನ್ನ ಮನಸ್ಸು ತಾನಾಗಿ ಒಂದು ಕ್ಷಣ ನಿಲ್ಲುತ್ತದೆ.

ನನ್ನ ಹತ್ತಿರ ಒಳ್ಳೆಯ ಡೆಕ್ ಇದೆ. ಹೆಡ್ ಒರೆಸಿ ಇಟ್ಟಿದ್ದೇನೆ. ಕಂಪ್ಯೂಟರಿಗೆ ತಂತಿ ಜೋಡಿಸಿದರೆ ಕ್ಯಾಸೆಟ್ ಓಡುವಾಗಲೇ ಅದರ ಪ್ರತಿ ಆಗುತ್ತದೆ. ಒಂದೇ ಸಲ ಓಡಿದರೂ ಸಾಕು. ಕ್ಯಾಸೆಟ್ ಅನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಬಿಸಿಲು ತಾಗದಂತೆ ಚೀಲದ ನಡುವೆ ಇಟ್ಟುಕೊಂಡು ಬನ್ನಿ. ಶಹಾಬಾದಿನಿಂದ ರೈಲಿಗೆ ಎಷ್ಟು ಹೊತ್ತು? ನಾವು ಬರುವ ತಿಂಗಳ ಮೊದಲ ಭಾನುವಾರ ಮತ್ತೆ ಸೇರುತ್ತಿದ್ದೇವೆ. ಸಂಜೆ ಸುಸಲಾ, ಮಿರ್ಚಿ ಭಜಿ ಮಾಡುತ್ತೇನೆ. ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆದರೆ ಮನೆಯ ದಾರಿ ತಿಳಿಸುತ್ತೇನೆ.

ಮೊದಲಿನಿಂದ ಕ್ರಮವಾಗಿ ಕೇಳಬೇಕು ಅಂತ ಇಡೀ ಅಂಕಣದಲ್ಲಿ ಹೇಳಿದ್ದೇನೆ. ನಿಮ್ಮ ಕ್ಯಾಸೆಟ್‌ಗೆ ಅದು ಬೇಡ. ‘ಡ್ರೀಮಿಂಗ್ ಮೈ ಡ್ರೀಮ್ಸ್’ ಹತ್ತನೇ ಹಾಡು. ಅಣ್ಣ ಗುರುತು ಹಾಕಿದ ಅಲ್ಲಿಂದಲೇ ಶುರು ಮಾಡೋಣ.